ಅಣ್ಣನ ಎಡಗಡೆ

ಕಳೆದ ವಾರ ನನ್ನ ಮಗಳಿಗಿಂತ ಚಿಕ್ಕವಳೊಬ್ಬಳು ನನ್ನನ್ನು ರೂಮಿನಿಂದ ಆಚೆ ಕಳಿಸಿದಳು.

ಗದರಿಸಿ ಅಲ್ಲ. ಎದ್ದು ನಿಂತು, ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಳ್ಳುವವಳ ಹಾಗೆ ದುಪಟ್ಟಾ ಎಳೆದುಕೊಂಡು, "ಮೇಡಂ, ತಪ್ಪು ತಿಳ್ಕೋಬೇಡಿ, ಸ್ವಲ್ಪ ಹೊತ್ತು ಹೊರಗೆ ಕೂತ್ಕೋತೀರಾ?" ಎಂದಳು. ಮಾತು ಮುಗಿಯುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು. ನನ್ನದು ಇನ್ನೂ ಕೆಂಪಾಗಿತ್ತು. (ಮೂಡಿಗೆರೆಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಕ್ಲಾಸಿನಿಂದ ಆಚೆ ಕಳಿಸಿದವಳು ನಾನು. ಆಚೆ ಹೋಗುವುದು ಹೇಗಿರುತ್ತದೆ ಅಂತ ಗೊತ್ತೇ ಇರಲಿಲ್ಲ.)

ಮೊದಲಿಂದ ಹೇಳುತ್ತೇನೆ. ನನ್ನ ಅಣ್ಣನಿಗೆ ಈಚೆಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಬಾಳೂರಿನ ಹತ್ತಿರ ಅವನದೊಂದು ಸಣ್ಣ ಕಾಫಿ ತೋಟ, ಒಂದು ಹಳೇ ಜೀಪು. ಪುಣ್ಯಕ್ಕೆ ಬೇಗ ಸುಧಾರಿಸಿಕೊಂಡ. ಮಾತು ನೆಟ್ಟಗಿದೆ, ನಡಿಗೆ ನೆಟ್ಟಗಿದೆ, ತಮಾಷೆಗೆ ಏನೂ ಕಮ್ಮಿಯಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ಒಂದೇ ಹಟ. ಜೀಪಿನ ಕೀ ಕೊಡಿ.

ಡಾಕ್ಟರು ಜಪ್ಪಯ್ಯ ಅನ್ನಲಿಲ್ಲ. "ಚಿಕ್ಕಮಗಳೂರಲ್ಲಿ ನ್ಯೂರೋಸೈಕಾಲಜಿ ಟೆಸ್ಟ್ ಮಾಡಿಸ್ಕೊಂಡು ಬನ್ನಿ. ಅದನ್ನ ನೋಡಿ ಗಾಡಿ ಓಡಿಸಬಹುದೋ ಬೇಡವೋ ಹೇಳ್ತೀನಿ" ಎಂದರು. ಮೆದುಳಿಗೆ ಪೆಟ್ಟು ಬಿದ್ದ ಮೇಲೆ ನೆನಪು, ಗಮನ, ಯೋಚನೆ ಎಲ್ಲ ಎಷ್ಟೆಷ್ಟು ಉಳಿದಿದೆ ಎಂದು ಅಳೆಯುವ ಟೆಸ್ಟಂತೆ. ಜೀಪಿನ ಕೀಯೂ, ಅಣ್ಣನನ್ನು ಕರೆದುಕೊಂಡು ಹೋಗುವ ಕೆಲಸವೂ ನನ್ನ ತಲೆಗೆ ಬಂತು.

ಬಿಡಿಸಿ ಹೇಳಬೇಕೆಂದರೆ, ಅಣ್ಣ ಪಾಸಾಗಲಿ ಎಂದು ನಾನು ಹರಕೆ ಹೊರುವುದೊಂದು ಬಾಕಿ ಇತ್ತು. ಜೀಪಿಲ್ಲದ ಅಣ್ಣನನ್ನು ನಾವು ಯಾರೂ ನೋಡಿಯೇ ಇಲ್ಲ. ಕಳಸದ ದಾರಿಯಲ್ಲಿ ಬಸ್ ತಪ್ಪಿಸಿಕೊಂಡವರು, ಹೆರಿಗೆ ನೋವಿನವರು, ಕಾಫಿ ಕೊಯ್ಲಿಗೆ ಬಂದ ಆಳುಗಳು, ಎಲ್ಲರೂ ಅದರಲ್ಲಿ ಕೂತವರೇ. ಆ ಜೀಪು ಶೆಡ್ಡಿನಲ್ಲಿ ನಿಂತರೆ ಅಣ್ಣನೂ ಮೂಲೆ ಹಿಡಿಯುತ್ತಾನೆ ಎಂಬ ಭಯ ನನಗೆ.

ಆಸ್ಪತ್ರೆಯ ರೂಮಿಗೆ ಹೋದರೆ ಟೆಸ್ಟ್ ಮಾಡಲು ಕೂತಿದ್ದವಳು ಒಬ್ಬ ಹುಡುಗಿ. ಹೆಸರು ಸಹನಾ, ದಾವಣಗೆರೆ ಕಡೆಯವಳು. "ನಾನಿನ್ನೂ ಸ್ಟೂಡೆಂಟು ಸರ್. ಇಲ್ಲಿ ಪೋಸ್ಟಿಂಗ್ ಹಾಕಿದ್ದಾರೆ. ಟೆಸ್ಟ್ ನಾನು ಮಾಡ್ತೀನಿ, ನಮ್ಮ ಮೇಡಂ ಜೊತೆಗೇ ಕೂತು ನೋಡ್ತಿರ್ತಾರೆ. ನಿಮಗೆ ಒಪ್ಪಿಗೆನಾ?" ಎಂದು ಕೇಳಿದಳು. ಅವಳ ಮೇಡಂ, ನನ್ನ ವಯಸ್ಸಿನವರು, ಮೂಲೆಯ ಕುರ್ಚಿಯಲ್ಲಿ ಕೂತು ಬರೀ ನಮಸ್ಕಾರ ಮಾಡಿದರು.

ನನಗೆ ಪಿತ್ತ ನೆತ್ತಿಗೇರಿತು. ನನ್ನ ಅಣ್ಣನ ತಲೆ ಇವರ ಪ್ರಾಕ್ಟಿಕಲ್ಲಾ? ಅನುಭವಸ್ಥರು ಅಲ್ಲೇ ಕೂತಿದ್ದಾರೆ, ಮಾಡಿದರೆ ಗಂಟೇನು ಹೋಗುತ್ತದೆ? ಬಾಯಿ ತೆರೆಯುವುದರೊಳಗೆ ಅಣ್ಣ ಅಡ್ಡ ಬಂದ.

"ಮಾಡಮ್ಮ, ಮಾಡು. ಕಲಿಯೋರಿಗೆ ಯಾರಾದ್ರೂ ಬೇಕಲ್ಲ."

ಮನೆಯವರು ಹೊರಗಿದ್ದರೆ ಒಳ್ಳೆಯದು ಎಂದು ಹುಡುಗಿ ಮೆತ್ತಗೆ ಹೇಳಿದಳು. "ಇರ್ಲಿ ಬಿಡು, ಅವಳು ಎಂತ ಮಾಡ್ತಾಳೆ?" ಎಂದ ಅಣ್ಣ. ಹಿರಿಯರ ಮಾತು ತೆಗೆದುಹಾಕಲು ಅವಳಿಗೆ ಧೈರ್ಯ ಬರಲಿಲ್ಲ. ನಾನು ಅಣ್ಣನ ಪಕ್ಕದಲ್ಲೇ ಉಳಿದೆ. ಮೂಲೆಯ ಮೇಡಂ ಆಗಲೂ ಏನೂ ಹೇಳಲಿಲ್ಲ.

ಮೊದಲು ಮನೆಯ ವಿಚಾರ ಕೇಳಿದಳು. ನಿದ್ದೆ ಹೇಗೆ, ಸಿಟ್ಟು ಬರುತ್ತಾ, ಊಟ ಸೇರುತ್ತಾ?

"ಊಟಕ್ಕೇನು, ಚೆನ್ನಾಗೇ ಮಾಡ್ತಾನೆ" ಎಂದೆ ನಾನು. "ಅರ್ಧ ಉಂಡು ಸಾಕು ಅಂತಾನೆ. ಅತ್ತಿಗೆ ತಟ್ಟೆ ತಿರುಗಿಸಿ ಇಟ್ರೆ ಉಳಿದಿದ್ದೂ ಖಾಲಿ."

ಹುಡುಗಿಯ ಪೆನ್ನು ನಿಂತಿತು. ಮೇಡಂ ಕಡೆ ನೋಡಿದಳು. ಮೇಡಂ ಕಿಟಕಿಯ ಕಡೆ ನೋಡಿದರು.

ಆಮೇಲೆ ಟೆಸ್ಟು. ಹೇಳಿದ ಪದಗಳನ್ನು ನೆನಪಿಟ್ಟು ಹೇಳುವುದು, ಲೆಕ್ಕ ಮಾಡುವುದು. ಅಣ್ಣ ಸರಾಗವಾಗಿ ಹೇಳಿದ. ನಾನು ಒಳಗೊಳಗೇ ಬೀಗುತ್ತಿದ್ದೆ. ಕೊನೆಗೆ ಒಂದು ದೊಡ್ಡ ಹಾಳೆ ಮುಂದಿಟ್ಟಳು. ಹಾಳೆಯ ತುಂಬ ಅಕ್ಷರ, ಚುಕ್ಕೆ, ಸಣ್ಣ ಸಣ್ಣ ನಕ್ಷತ್ರ. ನಕ್ಷತ್ರಗಳನ್ನು ಮಾತ್ರ ಹುಡುಕಿ ಗೆರೆ ಹೊಡೆಯಬೇಕು.

ಅಣ್ಣ ಬಲಗಡೆಯಿಂದ ಶುರು ಮಾಡಿದ. ಹೊಡೆದ, ಹೊಡೆದ, ಹಾಳೆಯ ನಡುವಿಗೆ ಬಂದು ಪೆನ್ಸಿಲ್ ಕೆಳಗಿಟ್ಟ. "ಆಯ್ತು" ಎಂದ.

ಎಲ್ಲಿ ಆಯಿತು? ಎಡಗಡೆ ಅಷ್ಟೂ ಹಾಗೇ ಇದೆ! ನಾನು ಏನು ಮಾಡಿದೆ ಎಂದು ನನಗೇ ಆಮೇಲೆ ಗೊತ್ತಾಗಿದ್ದು. ಕೈ ಚಾಚಿ ಹಾಳೆಯನ್ನು ಅವನ ಬಲಕ್ಕೆ ಸರಿಸಿದ್ದೆ. ಮನೆಯಲ್ಲಿ ಈಚೆಗೆ ಕಾಫಿ ಲೋಟವನ್ನೂ ಹಾಗೇ ಬಲಕ್ಕೆ ಸರಿಸುತ್ತೇವೆ. ಯಾರೂ ಹೇಳಿಕೊಟ್ಟಿದ್ದಲ್ಲ, ರೂಢಿಯಾಗಿಬಿಟ್ಟಿತ್ತು. "ಓ, ಇಲ್ಲೊಂದಷ್ಟಿವೆ" ಎಂದು ಅಣ್ಣ ಮತ್ತೆ ಪೆನ್ಸಿಲ್ ಎತ್ತಿಕೊಂಡ.

ಹುಡುಗಿ ನನ್ನ ಕೈ ನೋಡಿದಳು. ಮತ್ತೆ ಮೇಡಂ ಕಡೆ ನೋಡಿದಳು. ಮೇಡಂ ಕೂತಲ್ಲೇ ಕೂತಿದ್ದರು. ಒಂದು ಕಣ್ಸನ್ನೆ ಬೇಡವೇ? ಇಲ್ಲ. ಅವಳೇ ಎದ್ದು ನಿಂತಳು. ಮುಂದಿನದು ನಿಮಗೆ ಗೊತ್ತೇ ಇದೆ.

ಹೊರಗಿನ ಬೆಂಚಿನಲ್ಲಿ ಕೂತು ಆ ಮೇಡಮ್ಮನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಹುಡುಗಿ ಒದ್ದಾಡುತ್ತಿದ್ದರೂ ಬಾಯಿ ಬಿಡದೆ ಕೂರಲು ಇವರಿಗೆ ಸಂಬಳ ಬೇರೆ! ಬೈದು ಮುಗಿದ ಮೇಲೆ, ಹೀಗೆ ಬಾಯಿ ಬಿಡದೆ ಪಕ್ಕದಲ್ಲಿ ಕೂರುವ ಇನ್ನೊಬ್ಬನ ನೆನಪಾಯಿತು. ಒಳಗೆ ನಕ್ಷತ್ರ ಹುಡುಕುತ್ತಿದ್ದನಲ್ಲ, ಅವನದೇ.

ನನಗೆ ಜೀಪು ಓಡಿಸಲು ಕಲಿಸಿದ್ದು ಅಣ್ಣ. ಆಗ ನಾನು ಪಿಯುಸಿ ಮುಗಿಸಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳು ಸ್ಟೇರಿಂಗ್ ಹಿಡಿದಿದ್ದನ್ನು ಯಾರೂ ಕಂಡಿರಲಿಲ್ಲ. "ಇವಳು ಗಾಡಿ ಕಲ್ತು ಎಂತ ಮಾಡದು?" ಎಂದಿದ್ದಳು ಅಮ್ಮ. "ಓಡಿಸದು" ಎಂದಿದ್ದ ಅಣ್ಣ. ವಾದ ಅಷ್ಟಕ್ಕೇ ಮುಗಿಯಿತು.

ಕಾಫಿ ಒಣಗಿಸಿ ಎತ್ತಿದ ಮೇಲೆ ಕಣ ಖಾಲಿ ಇರುತ್ತದಲ್ಲ, ಅಲ್ಲಿ ಶುರುವಾಯಿತು ನನ್ನ ಪಾಠ. ಜೀಪು ಹತ್ತುವ ಮುಂಚೆ ಅಣ್ಣ ಬಾಯಿತುಂಬ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಯಾಕೆ ಅಂತ ಒಮ್ಮೆ ಕೇಳಿದೆ. "ಬಾಯಿ ಖಾಲಿ ಇದ್ರೆ ಬೈದುಬಿಡ್ತೀನಿ ಮಾರಾಯ್ತಿ. ಬೈದ್ರೆ ನೀನು ನನ್ನ ಮುಖ ನೋಡ್ತಿ, ರೋಡ್ ನೋಡಲ್ಲ" ಎಂದ. ಎರಡೂ ಕೈ ತೊಡೆಯ ಮೇಲೆ. ನಾನು ಗೇರ್ ಕಿರುಚಿಸಿದರೂ ಕೈ ಏಳುತ್ತಿರಲಿಲ್ಲ. ಒಮ್ಮೆ ಮುಂದಿನ ಚಕ್ರವನ್ನು ಸೀದಾ ಚರಂಡಿಗೆ ಇಳಿಸಿದೆ. ಆಗಲೂ ಕೆಳಗಿಳಿದು, ಚರಂಡಿ ನೋಡಿ, ನನ್ನನ್ನು ನೋಡಿ, ಆಳುಗಳನ್ನು ಕರೆಯಲು ಹೋದ.

ಕಣ ಬಿಟ್ಟು ಟಾರು ರಸ್ತೆಗೆ ಇಳಿದ ದಿನ ಮಾತ್ರ ಎಲೆಅಡಿಕೆ ಹಾಕುವ ಮುಂಚೆ ಒಂದು ಮಾತು ಹೇಳಿದ. "ನೀನು ಎದುರಿಗೆ ನೋಡು, ಬಲಗಡೆ ನೋಡು. ಎಡಗಡೆ ನಂಗೆ ಬಿಡು."

ಕೊಟ್ಟಿಗೆಹಾರಕ್ಕೆ ಹೊರಟಿದ್ದೆವು. ತಿರುವೊಂದರಲ್ಲಿ ಎದುರಿಗೆ ಬಸ್ಸು. ಏರಿನಲ್ಲಿ ನನ್ನ ಜೀಪು ಗಕ್ಕನೆ ನಿಂತಿತು. ಬಸ್ಸಿನವನು ಹಾರನ್ನು ಬಾರಿಸಿದ್ದೇ ಬಾರಿಸಿದ್ದು. ಹುಡುಗಿ ಗಾಡಿ ಹೊಡೆಯುತ್ತಾಳೆ ಎಂಬ ಸುದ್ದಿ ಸೀಟಿನಿಂದ ಸೀಟಿಗೆ ಹೋಗಿ, ಕಿಟಕಿಗೆಲ್ಲ ತಲೆಗಳು ಬಂದವು. ಕಂಡಕ್ಟರ್ ಇಳಿದು ಬಂದು, "ನೀವೇ ತಗೊಳ್ಳಿ ಮಾರಾಯ್ರೆ, ಟೈಮಾಯ್ತು" ಎಂದು ಅಣ್ಣನನ್ನು ಗೋಗರೆದ. ನಾನೂ ಬಾಗಿಲು ತೆರೆದು ಇಳಿಯಲು ಹೊರಟಿದ್ದೆ. ಕಣ್ಣಲ್ಲಿ ನೀರು.

ಅಣ್ಣ ತಲೆಯಾಡಿಸಿದ. ಬೇಡ ಅಂತ. ಕಂಡಕ್ಟರನಿಗೂ, ನನಗೂ.

ಹೇಗೆ ಎತ್ತಿದೆನೋ ದೇವರಿಗೇ ಗೊತ್ತು. ಹ್ಯಾಂಡ್‌ಬ್ರೇಕು, ಕ್ಲಚ್ಚು, ಹೊಗೆ, ಒಂದು ಜಿಗಿತ. ಬಸ್ಸು ಹಿಂದೆ ಸರಿಯಿತು, ಜೀಪು ಮುಂದೆ ಹೋಯಿತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದ ಮೇಲೆ ಅಣ್ಣ ಇಳಿದು, ಬಾಯಿ ಮುಕ್ಕಳಿಸಿ ಬಂದು ಕೇಳಿದ್ದು ಒಂದೇ: "ನೀರ್ದೋಸೆ ತಿನ್ನನ?" ಆ ದಿನದ ನೀರ್ದೋಸೆಯ ರುಚಿ ಆಮೇಲೆ ಯಾವ ಊರಿನಲ್ಲೂ ನನಗೆ ಸಿಗಲಿಲ್ಲ.

ಆಗೆಲ್ಲ ಕಲಿಕೆ ಹೀಗೇ ಇತ್ತು. ತೋಟದಲ್ಲಿ ಗಿಡಕಸಿಗೆ, ಅಂದರೆ ಕಾಫಿ ಗಿಡ ಸವರಲು, ಹೊಸಬರು ಬಂದರೆ ಮೇಸ್ತ್ರಿ ಕತ್ತರಿಯನ್ನು ಅವರ ಕೈಗೇ ಕೊಟ್ಟು ಹಿಂದೆ ನಿಂತಿರುತ್ತಿದ್ದ. ಒಂದೆರಡು ಒಳ್ಳೆಯ ಕೊಂಬೆ ಹೋದರೆ ಹೋಗಲಿ. ಅಮ್ಮ ನನ್ನ ಮೊದಲ ಕಡುಬನ್ನು ತಾನು ಮುಟ್ಟದೆ ನೋಡುತ್ತಾ ನಿಂತಿದ್ದಳು. (ಕಲ್ಲಿನ ಹಾಗಿತ್ತು. ಅಪ್ಪ ತಿಂದರು.) ಈಗ? ಮಕ್ಕಳ ಸ್ಕೂಲ್ ಪ್ರಾಜೆಕ್ಟನ್ನು ಅಪ್ಪಂದಿರು ಮಾಡುತ್ತಾರೆ. ಮೊಮ್ಮಗ ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದರೆ ಮನೆಯವರೆಲ್ಲ ಬಗ್ಗುತ್ತಾರೆ. ಅಡುಗೆ ಕಲಿಯಲು ಫೋನಿದೆ, ಗಾಡಿ ಕಲಿಯಲು ಫೋನಿದೆ. ಫೋನು ಎಲ್ಲವನ್ನೂ ಹೇಳಿಕೊಡುತ್ತದೆ, ನಿಜ. ಆದರೆ ನಾವು ಚರಂಡಿಗೆ ಇಳಿದಾಗ ಅದು ಪಕ್ಕದಲ್ಲಿ ಕೂತಿರುತ್ತದಾ?

ಆ ಬೆಂಚಿನ ಮೇಲೆ ಕೂತು ಆ ದಿನಗಳಿಗಾಗಿ ನಾನು ಹಂಬಲಿಸಿದೆ. ನಾಚಿಕೆ ಯಾಕೆ, ಸ್ವಲ್ಪ ಅತ್ತೆ ಕೂಡ.

ಬಾಗಿಲು ತೆರೆಯಿತು. "ಬನ್ನಿ ಮೇಡಂ" ಎಂದಳು ಸಹನಾ. ನಾನು ಹೊರಗೆ ಹೋದ ಮೇಲೆ ಅದೇ ಥರದ ಹೊಸ ಹಾಳೆಯಲ್ಲಿ ಟೆಸ್ಟ್ ಮತ್ತೆ ಮಾಡಿಸಿದ್ದಳು. ಬೇರೆ ಕೆಲವನ್ನೂ ಮಾಡಿಸಿದ್ದಳು. ಫಲಿತಾಂಶ ಹೇಳುವ ಕೆಲಸವೂ ಅವಳದೇ ಎಂದು ಕಾಣುತ್ತದೆ. ಮೇಡಂ ಕುರ್ಚಿಯನ್ನು ಮೂಲೆಯಿಂದ ತಂದು ಅವಳ ಪಕ್ಕಕ್ಕೆ ಹಾಕಿಕೊಂಡಿದ್ದರು, ಅಷ್ಟೇ.

"ಸರ್, ನಿಮ್ಮ ನೆನಪು ಚೆನ್ನಾಗಿದೆ. ಮಾತು, ಲೆಕ್ಕ ಎಲ್ಲ ಚೆನ್ನಾಗಿದೆ." ಹುಡುಗಿ ಆ ಹೊಸ ಹಾಳೆಯನ್ನು ಅಣ್ಣನ ಮುಂದಿಟ್ಟಳು. "ಆದ್ರೆ ಸದ್ಯಕ್ಕೆ ನೀವು ಗಾಡಿ ಓಡಿಸೋದು ಬೇಡ ಅಂತ ಡಾಕ್ಟರಿಗೆ ಬರೀಬೇಕಾಗುತ್ತೆ."

ಅಣ್ಣನ ಮುಖ ಗಂಟಾಯಿತು. "ಎಂತಕ್ಕೆ? ನಂಗೆ ಕಣ್ಣು ಕಾಣ್ತದೆ, ಕೈ ಬರ್ತದೆ. ಇಕ, ಎಲ್ಲ ನಕ್ಷತ್ರನೂ ಹೊಡ್ದಿದೀನಲ್ಲ. ಒಂದೂ ಬಿಟ್ಟಿಲ್ಲ."

ನಾನು ಹಾಳೆ ನೋಡಿದೆ. ಬಲ ಅರ್ಧದಲ್ಲಿ ಒಂದೂ ಬಿಟ್ಟಿರಲಿಲ್ಲ. ಎಡ ಅರ್ಧ ಮುಟ್ಟಿಯೇ ಇರಲಿಲ್ಲ.

ವಿವರಿಸಿದರೆ ಅವನು ಒಪ್ಪುವವನಲ್ಲ. ಹುಡುಗಿಗೂ ಅದು ಗೊತ್ತಾಗಿರಬೇಕು. ಈ ಸಲ ಮೇಡಂ ಕಡೆ ನೋಡಲಿಲ್ಲ. ಹಾಳೆಯನ್ನು ಮೇಜಿನ ಮೇಲೆಯೇ ತಲೆಕೆಳಗಾಗುವಂತೆ ತಿರುಗಿಸಿ ಅಣ್ಣನ ಮುಂದಿಟ್ಟಳು. ಅತ್ತಿಗೆ ತಟ್ಟೆ ತಿರುಗಿಸುವ ಹಾಗೇ.

ಅಣ್ಣ ನೋಡಿದ. ಬೆರಳಿಟ್ಟು ಒಂದೊಂದೇ ನಕ್ಷತ್ರ ಮುಟ್ಟಿದ.

"ಇವೆಲ್ಲ ಎಲ್ಲಿದ್ವು?"

"ನಿಮ್ಮ ಎಡಗಡೆ, ಸರ್. ಕಣ್ಣಿಗೆ ತೊಂದ್ರೆ ಇಲ್ಲ. ಸ್ಟ್ರೋಕ್ ಆದ ಮೇಲೆ ಎಡಗಡೆ ಇರೋದ್ರ ಮೇಲೆ ಗಮನ ಹೋಗ್ತಿಲ್ಲ. ಹೋಗ್ತಿಲ್ಲ ಅನ್ನೋದೂ ನಿಮಗೆ ಗೊತ್ತಾಗಲ್ಲ."

ಎಡಗಡೆ ನಂಗೆ ಬಿಡು ಎಂದಿದ್ದವನು! ಮನೆಯವರೆಲ್ಲ ಸೇರಿ ತಟ್ಟೆ ತಿರುಗಿಸಿ, ಲೋಟ ಸರಿಸಿ, ಪ್ರೀತಿಯಿಂದಲೇ ಇದನ್ನು ಮುಚ್ಚಿಟ್ಟಿದ್ದೆವಲ್ಲ. ರಸ್ತೆಯಲ್ಲಿ ಯಾರು ತಿರುಗಿಸಿಕೊಡುತ್ತಿದ್ದರು?

ಅಣ್ಣ ಹಾಳೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಬೆಳಿಗ್ಗೆ ಲೈನುಮನೆ ಆಳುಗಳ ಮಕ್ಕಳು ಶಾಲೆಗೆ ನಡ್ಕೊಂಡು ಬರ್ತಾವಲ್ಲ ಮಾರಾಯ್ತಿ. ಎಡಗಡೆಯೇ ಅಲ್ವಾ ಬರದು?"

"ಹೌದು" ಎಂದೆ.

"ಕೀ ನಿನ್ನತ್ರನೇ ಇರ್ಲಿ" ಎಂದ.

ಹುಡುಗಿಯ ಕಣ್ಣು ತುಂಬಿತ್ತು. ಆದರೂ ಧ್ವನಿ ಗಟ್ಟಿ ಮಾಡಿಕೊಂಡು, ಎಡಗಡೆ ನೋಡುವುದನ್ನು ರೂಢಿ ಮಾಡಿಸುವ ಅಭ್ಯಾಸಗಳಿವೆ, ವಾರಕ್ಕೊಮ್ಮೆ ಬನ್ನಿ, ಕೆಲವು ತಿಂಗಳ ನಂತರ ಮತ್ತೆ ಟೆಸ್ಟ್ ಮಾಡೋಣ ಎಂದೆಲ್ಲ ಹೇಳಿದಳು. ಸರಿಹೋಗಿಬಿಡುತ್ತದೆ ಎಂದು ಸುಳ್ಳು ಭರವಸೆ ಕೊಡಲಿಲ್ಲ. ನಾನಾಗಿದ್ದರೆ ಕೊಟ್ಟುಬಿಡುತ್ತಿದ್ದೆ.

ಹೊರಡುವಾಗ ಅಣ್ಣ ಬಾಗಿಲಲ್ಲಿ ನಿಂತ. ಮೇಡಂ ಕಡೆ ತಿರುಗಿ ಕೇಳಿದ.

"ಹುಡುಗಿ ಪಾಸಾ?"

ಅಷ್ಟೊತ್ತು ಬಾಯಿ ಬಿಡದಿದ್ದ ಮೇಡಂ ನಕ್ಕರು. "ನೀವೇ ಹೇಳಿ ಸರ್. ನಿಮಗೆ ಏನನ್ನಿಸ್ತು?"

"ನಂಗೆ ಬೇಜಾರಾಯ್ತು" ಎಂದ ಅಣ್ಣ. "ಆದ್ರೆ ಅವಳಿಗೆ ಪಾಸ್ ಮಾಡಿ."

ಅಣ್ಣನಿಗೆ ಒಂದು ಕಡೆಯ ಗಮನ ಹೋಗಿದೆ ಎಂದು ರಿಪೋರ್ಟಿನಲ್ಲಿದೆ. ಇರಲಿ. ಎರಡೂ ಕಡೆ ನೆಟ್ಟಗಿರುವ ನಾವು, ನಾವೇ ಫೇಲಾದ ದಿನ ಎದುರಿಗೆ ಕೂತವರ ರಿಸಲ್ಟ್ ಏನಾಯಿತು ಎಂದು ಯಾವತ್ತಾದರೂ ಕೇಳಿದ್ದೇವಾ?