ನೆಲವನ್ನೂ ನಂಬದ ಮೇಡಂ

ಒದ್ದೆ ಗೋಣಿಚೀಲದ ವಾಸನೆ ಗೊತ್ತಲ್ಲ, ಹೊಸದಾಗಿ ಎದ್ದ ಕಾಂಕ್ರೀಟ್ ಕಂಬಗಳಿಗೆ ಸುತ್ತಿ, ಬೆಳಿಗ್ಗೆ ಸಂಜೆ ನೀರು ಹೊಡೆದು, ಬಿಸಿಲಿಗೆ ಹಬೆಯಾಡುವ ವಾಸನೆ. ಹೋದ ವಾರ ನಂಜನಗೂಡಿನಿಂದ ಗುಂಡ್ಲುಪೇಟೆಗೆ ಅಕ್ಕನ ಮನೆಗೆ ಹೋಗುತ್ತಿದ್ದೆ. ಬೇಗೂರಿನಲ್ಲಿ ಬಸ್ಸು ನಿಂತಾಗ ಅದು ಕಿಟಕಿಯಿಂದ ಒಳಗೆ ಬಂತು. ರಸ್ತೆ ಪಕ್ಕ ಯಾರದೋ ಮನೆ ಏಳುತ್ತಿತ್ತು. ನನ್ನ ಪಕ್ಕ ಕೂತಿದ್ದ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಕಡೆ ಅನುಮಾನದಿಂದ ನೋಡಿದಳು. ನಾನು ಸ್ನಾನ ಮಾಡಿಯೇ ಹೊರಟಿದ್ದೆ. ಆದರೆ ಅದನ್ನು ಅಜ್ಜಿಗೆ ಸಾಬೀತು ಮಾಡುವ ಉಮೇದು ಅವತ್ತು ಬರಲಿಲ್ಲ. ಮೇಡಂ ನೆನಪಾಗಿಬಿಟ್ಟಿದ್ದರು... ಗೋಣಿಚೀಲ ಒದ್ದೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದರೆ ಸಾಲದೆಂದು ಹಿಂಡಿಯೇ ನೋಡುತ್ತಿದ್ದ ಮೇಡಂ.

ಅವರು ಚಾಮರಾಜನಗರದ ಸ್ಟ್ರಕ್ಚರಲ್ ಇಂಜಿನಿಯರ್. ಗುಂಡ್ಲುಪೇಟೆಯ ಹೊರಗೆ ಸೂರ್ಯಕಾಂತಿ ಹೊಲಗಳು ಒಂದೊಂದಾಗಿ ಲೇಔಟ್ ಆಗುತ್ತಿದ್ದಾಗ ನಮ್ಮ ಅಕ್ಕನೂ ಅಂಥ ಒಂದರಲ್ಲಿ ಸೈಟು ತೆಗೆದುಕೊಂಡಿದ್ದಳು. ಭಾವ ಕೇರಳಕ್ಕೆ ತರಕಾರಿ ಲಾರಿ ಓಡಿಸುವವರು, ಮನೆಯಲ್ಲಿರುವುದಕ್ಕಿಂತ ಘಾಟಿಯಲ್ಲಿರುವುದೇ ಹೆಚ್ಚು. ಮದುವೆಯಾದಾಗಿನಿಂದ ಅಕ್ಕ ಬಾಡಿಗೆ ಮನೆಯಲ್ಲಿದ್ದಳು. ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕಾದಂಥ ಅಡುಗೆಮನೆ ಅದು. ಹಾಗಾಗಿ ಸ್ವಂತ ಮನೆ ಅಂದರೆ ಅವಳಿಗೆ ದೊಡ್ಡ ಅಡುಗೆಮನೆ, ಅದಕ್ಕೊಂದು ದೊಡ್ಡ ಕಿಟಕಿ. ಮಿಕ್ಕಿದ್ದು ಹೇಗಿದ್ದರೂ ಸರಿ.

ನಾನಾಗ ಒಂದು ಸೌಂಡ್ ಅಂಗಡಿಯಲ್ಲಿ ತರಕಾರಿ ಆಟೋಗಳಿಗೆ ದನಿ ರೆಕಾರ್ಡ್ ಮಾಡಿಕೊಡುತ್ತಿದ್ದೆ. ಈಗಲೂ ಅದೇ ಅನ್ನಿ. ಭಾನುವಾರ ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಟೊಮೇಟೊ, ಬೀನ್ಸು ಎಂದು ಕಿರುಚಿ ನಿಮ್ಮ ನಿದ್ದೆ ಕೆಡಿಸಿದವನು ನಾನೇ ಇರಬಹುದು. ಊರಲ್ಲಿ ಯಾರು ಹೇಗೆ ಮಾತಾಡುತ್ತಾರೋ ಹಾಗೆ ಮಾಡಿ ತೋರಿಸುವುದೂ ನನಗೆ ಬರುತ್ತಿತ್ತು, ಆ ಕಾರಣಕ್ಕೆ ಒಂದೆರಡು ಏಟು ತಿಂದದ್ದೂ ಇದೆ. ಇದನ್ನು ಕೆಲಸ ಎಂದು ಅಪ್ಪ ಒಪ್ಪಿರಲಿಲ್ಲ. ಅಪ್ಪ ಟೈಲರ್, ಎಲ್ಲರನ್ನೂ ಕತ್ತಿನಿಂದ ಕಾಲಿನವರೆಗೆ ಅಳೆದು ನೋಡುವುದೇ ಅವರ ಕಸುಬು. ನನ್ನನ್ನೂ ಅಳೆದು, ಬೇರೆ ಯಾವುದಕ್ಕೂ ಆಗುವುದಿಲ್ಲ ಎಂದು ಸೈಟಿನ ಕಾವಲಿಗೆ ಹಾಕಿದರು. ಮೇಸ್ತ್ರಿಯ ಮೇಲೆ ಅಪ್ಪನಿಗೆ ಅನುಮಾನ, ಮೇಡಂ ಮೇಲೆ ಮೇಸ್ತ್ರಿಗೆ ಅನುಮಾನ, ನನ್ನ ಮೇಲೆ ಎಲ್ಲರಿಗೂ.

ನಿಜ ಹೇಳಬೇಕೆಂದರೆ ನಮಗೆ ಬೇಕಾಗಿದ್ದದ್ದು ಮೇಡಂ ಅಲ್ಲ, ಅವರ ಸಹಿ. ಬ್ಯಾಂಕಿನವರು ನಕ್ಷೆಯ ಮೇಲೆ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಕೇಳಿದ್ದರು. ಸಹಿ ತಾನೇ ಎಂದು ನಕ್ಷೆ ಕಳಿಸಿದರೆ, ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಅವರೇ ಬಂದು ಇಳಿದರು. ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಶರ್ಟು, ಕಾಲಿಗೆ ಕ್ಯಾನ್ವಾಸ್ ಶೂ, ತಲೆಗೆ ಟವೆಲ್ಲು. ಮೇಸ್ತ್ರಿ ನನ್ನ ಕಿವಿಯಲ್ಲಿ, "ಸಹಿ ಆಕಕ್ಕೆ ಸೈಟ್ಗ್ಯಾಕ್ಲಾ ಬರ್ಬೇಕು? ಏನೋ ಅದೆ ಕಣ್ಲಾ ಇದ್ರಲ್ಲಿ" ಅಂದ. ನನಗೂ ಹಾಗೇ ಅನ್ನಿಸಿತ್ತು.

ಬಂದವರು ಮೊದಲು ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆದರು. ಕಪ್ಪು ಎರೆಮಣ್ಣು. "ಮಳೆ ಬಂದ್ರೆ ಉಬ್ತದೆ, ಬಿಸ್ಲು ಬಂದ್ರೆ ಬಿರೀತದೆ. ಕೆಳಗೆ ಗಟ್ಟಿ ಗೊರಚಲು ಮಣ್ಣು ಸಿಗೋ ಗಂಟ ಪಾಯ ಓಗ್ಬೇಕು" ಅಂದರು.

"ನಮ್ಮ ತಾತನ ಕಾಲ್ದಿಂದ್ಲೂ ಈ ಮಣ್ಣಲ್ಲೇ ಕಟ್ಟಿವಿ ಮೇಡಂ" ಅಂದ ಮೇಸ್ತ್ರಿ.

"ನಿಮ್ಮ ತಾತ ಎಂಚಿನ ಮನೆ ಕಟ್ಟಿದ್ರು. ಎಂಚು ಜಾರಿದ್ರೆ ಮೇಲತ್ತಿ ಸರಿ ಮಾಡ್ತಿದ್ರು. ತಾರಸಿ ಜಾರಿದ್ರೆ ಯಾರತ್ತೀರಿ?"

ಆಮೇಲೆ ನನ್ನ ಕಡೆ ತಿರುಗಿ ನೀರಿನ ಬಾಟ್ಲು ಕೇಳಿದರು. ಪಾಪ ಬಿಸಿಲು ಎಂದು ಕೊಟ್ಟೆ. ಅರ್ಧ ಕುಡಿದು, ಉಳಿದರ್ಧಕ್ಕೆ ಮೇಸ್ತ್ರಿ ತರಿಸಿದ್ದ ಮರಳನ್ನು ತುಂಬಿ ಕುಲುಕಿ ಬಿಸಿಲಲ್ಲಿ ಇಟ್ಟರು. ಮರಳು ತಳಕ್ಕೆ ಕೂತ ಮೇಲೆ ಅದರ ಮೇಲೊಂದು ದಪ್ಪ ಮಣ್ಣಿನ ಪದರ ಕೂತಿತು. ಲೋಡು ವಾಪಸ್ಸು ಹೋಯಿತು. ಅವತ್ತಿನಿಂದ ಮೇಸ್ತ್ರಿ, ಮೇಡಂಗೂ ಇನ್ನೊಂದು ಮರಳಿನ ಅಂಗಡಿಗೂ ಏನೋ ಒಳಒಪ್ಪಂದ ಇದೆ ಎಂದು ಸಾರಿಕೊಂಡು ಬಂದ. ನನ್ನ ಬಾಟ್ಲಂತೂ ಹೋಯಿತು.

ಮುಂದೆ ಕಂಬಗಳು ಎದ್ದ ಮೇಲೆ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಅವರಿಲ್ಲದಾಗ ನಾನು ಅವರನ್ನು ಮಾಡಿ ತೋರಿಸುತ್ತಿದ್ದೆ. ಟವೆಲ್ಲು ಸುತ್ತಿಕೊಂಡು, ಸುತ್ತಿಗೆಯಿಂದ ಕೆಲಸದವರ ತಲೆಯ ಹತ್ತಿರ ಟಕಟಕ ಅನ್ನಿಸಿ, "ಇದ್ರೊಳಗೆ ಟೊಳ್ಳು ಅದೆ" ಅನ್ನುತ್ತಿದ್ದೆ. ಒಂದು ದಿನ ಎಲ್ಲರೂ ನಗುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಹಿಂದೆ ಮೇಡಂ ನಿಂತಿದ್ದರು. "ಇನ್ನೊಂದ್ಸಲ ಮಾಡು" ಅಂದರು. ಮಾಡಿದೆ. ಗಮನವಿಟ್ಟು ಕೇಳಿ, "ಟೊಳ್ಳು ಅನ್ನೋಕ್ಮುಂಚೆ ನಾನು ಸ್ವಲ್ಪ ಒತ್ತು ಸುಮ್ನಿರ್ತೀನಿ. ಅದು ಬುಟ್ಬುಟ್ಟೆ" ಅಂದು ಹೋದರು. ನನ್ನ ಮಿಮಿಕ್ರಿಯಲ್ಲೂ ಕಳಪೆ ಕಾಮಗಾರಿ ಕಂಡುಹಿಡಿದ ಏಕೈಕ ವ್ಯಕ್ತಿ ಅವರು.

ಯಾರನ್ನೂ ಯಾಕೆ ನಂಬುವುದಿಲ್ಲ ಎಂದು ಒಮ್ಮೆ ಬಸ್‌ಸ್ಟಾಪಿನಲ್ಲಿ ಅವರನ್ನು ಕೇಳಿದ್ದೆ. "ಒಂದ್ಸಲ ನಂಬಿದ್ದೆ ಕಣಪ್ಪ..." ಎಂದು ಶುರು ಮಾಡಿದವರು, ಯಾವುದೋ ಬಸ್ಸು ಬಂತೆಂದು ಎದ್ದುಬಿಟ್ಟರು. ಅದು ಅವರ ಬಸ್ಸಾಗಿರಲಿಲ್ಲ. ನಾನು ಮತ್ತೆ ಕೇಳಲಿಲ್ಲ...

ಅದೆಲ್ಲ ಆಮೇಲಿನದು. ಬಾವಿಯ ವಿಷಯ ಎದ್ದದ್ದು ಅದಕ್ಕೂ ಮುಂಚೆ, ಪಾಯ ತೆಗೆಯುವ ಮುಹೂರ್ತ ಹತ್ತಿರ ಬಂದಾಗ. ಅದು ತಪ್ಪಿದರೆ ಆಷಾಢ. ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದ. ಅಕ್ಕ ಅಡುಗೆಮನೆಯ ಗೆರೆಗಳ ಒಳಗೆ ನಿಂತು, ಗಾಳಿಯಲ್ಲಿ ಕೈಯಾಡಿಸಿ ಒಲೆ ಇಲ್ಲಿ, ತೊಟ್ಟಿ ಇಲ್ಲಿ ಎಂದು ನೋಡಿಕೊಳ್ಳುತ್ತಿದ್ದಳು. ಗೆರೆ ಪರೀಕ್ಷೆ ಮಾಡಲು ಬಂದ ಮೇಡಂ ಅವಳನ್ನು ನೋಡಲಿಲ್ಲ, ಅವಳ ಕಾಲ ಬಳಿ ನೋಡಿದರು. ಪಕ್ಕದ ಸೈಟಿನ ಗಡಿಗೆ ಅಂಟಿಕೊಂಡಂತೆ ಒಂದು ಕಬ್ಬಿಣದ ಪೈಪು ನೆಲದಿಂದ ಗೇಣುದ್ದ ಮೇಲೆದ್ದಿತ್ತು. ನಾವೆಲ್ಲ ಅದನ್ನು ಎಷ್ಟೋ ಸಲ ಎಡವಿದ್ದೆವು.

"ಏನಿದು?"

"ಸರ್ವೆಯೋರು ನೆಟ್ಟಿರ್ಬೇಕು ಬುಡಿ ಮೇಡಂ" ಅಂದ ಮೇಸ್ತ್ರಿ.

ಮೇಡಂ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಪೈಪು ಕೆರೆದು, ಉಗುರನ್ನು ಮೇಸ್ತ್ರಿಗೆ ತೋರಿಸಿದರು. "ಸರ್ವೆಯೋರು ಅರಿಶಿನ ಹಚ್ಚಿ ನೆಡ್ತಾರಾ?"

ಲೇಔಟ್ ಮಾಡಿದ ಜಮೀನಿನ ಯಜಮಾನರಿಗೆ ಫೋನು ಹೋಯಿತು. ದೊಡ್ಡ ಆಸಾಮಿ, ಬಿಳಿ ಶರ್ಟು ಬಿಳಿ ಪಂಚೆ. ದೂರದಿಂದಲೇ ನಗುತ್ತಾ ಬಂದರು. ಬಾವಿಗೀವಿ ಏನಾದರೂ ಇತ್ತೇ ಎಂದು ಮೇಡಂ ಕೇಳಿದ್ದಕ್ಕೆ, "ಬಾವಿನಾ? ನಮ್ಮ ತಾತನ ಕಾಲ್ದಲ್ಲೂ ಇರ್ಲಿಲ್ಲ. ಯಾರೋ ಬೋರ್ ಹಾಕಕ್ಕೆ ನೋಡಿ ಬಿಟ್ಟಿರ್ಬೇಕು. ಬನ್ನಿ ತೋರಿಸ್ತೀನಿ" ಎಂದು ಪೈಪಿನ ಕಡೆ ನಡೆದರು. ಗೆರೆ ನೋಡಲು ಬಂದಿದ್ದ ನಮ್ಮ ಅಪ್ಪ ನನ್ನ ಕಡೆ ತಿರುಗಿ, ಕಂಡೆಯಾ ನಿನ್ನ ಮೇಡಂ ಬುದ್ಧಿ ಎಂಬಂತೆ ಹುಬ್ಬು ಹಾರಿಸಿದರು.

ಮೇಡಂ ಇದ್ದಲ್ಲೇ ನಿಂತಿದ್ದರು. "ಯಜಮಾನ್ರೇ" ಅಂದರು ಮೆಲ್ಲಗೆ. "ಚಪ್ಪಲಿ ಯಾಕೆ ಬುಟ್ರಿ?"

ಎಲ್ಲರೂ ತಿರುಗಿ ನೋಡಿದೆವು. ಯಜಮಾನರ ಚಪ್ಪಲಿ ಜೋಡಿ ಅಡುಗೆಮನೆಯ ಸುಣ್ಣದ ಗೆರೆಯ ಆಚೆ ಒಪ್ಪವಾಗಿ ಕೂತಿತ್ತು. ಮುಳ್ಳು, ಜಲ್ಲಿ, ಬಾಟ್ಲು ಚೂರು ತುಂಬಿದ ನೆಲದ ಮೇಲೆ ಅವರು ಬರಿಗಾಲಲ್ಲಿ ನಿಂತಿದ್ದರು. ತಾವು ಯಾವಾಗ ಬಿಟ್ಟೆವೆಂದು ಅವರಿಗೇ ಗೊತ್ತಿದ್ದಂತಿರಲಿಲ್ಲ. ಕಾಲು ನೋಡಿಕೊಂಡರು, ಚಪ್ಪಲಿ ನೋಡಿದರು. ಆಮೇಲೆ ಆ ನಗು ಇಳಿದುಹೋಯಿತು.

ಬಾವಿ ಇತ್ತು. ಅವರ ತಂದೆಯ ಕಾಲದ್ದು. ನೀರು ಬತ್ತಿದ ಮೇಲೆ ಕಸಕಡ್ಡಿ, ಒಡೆದ ಇಟ್ಟಿಗೆ, ಸಿಕ್ಕಿದ್ದೆಲ್ಲ ತುಂಬಿ ಮುಚ್ಚಿಸಿದ್ದರು. ಬಾವಿಯ ಮಾತೆತ್ತಿದರೆ ಸೈಟು ಹೋಗುವುದಿಲ್ಲವೆಂದು ನಕ್ಷೆಯಲ್ಲಿ ತೋರಿಸಿರಲಿಲ್ಲ. ಆದರೆ ಬಾವಿ ಮುಚ್ಚಿದರೆ ಗಂಗಮ್ಮ ಉಸಿರಾಡಲು ಒಂದು ಪೈಪು ಬಿಡಬೇಕಲ್ಲ, ಅದನ್ನು ಮಾತ್ರ ಬಿಟ್ಟಿದ್ದರು, ಪೂಜೆಯನ್ನೂ ಮಾಡಿಸಿದ್ದರು. ನಮಗೆ ಮೋಸ ಮಾಡಲು ಅವರಿಗೆ ಧೈರ್ಯವಿತ್ತು, ಗಂಗಮ್ಮನಿಗೆ ಮಾಡಲು ಇರಲಿಲ್ಲ. ಅರ್ಧ ಬಾವಿ ನಮ್ಮ ಸೈಟಿನಲ್ಲಿ, ಇನ್ನರ್ಧ ಪಕ್ಕದ್ದರಲ್ಲಿ. ಪಕ್ಕದ ಸೈಟು ಕೊಳ್ಳುವವರಿಗೆ ಹೇಳಿಯೇ ಮಾರುತ್ತೇನೆ ಎಂದು ಎದೆ ಮುಟ್ಟಿಕೊಂಡು ಹೇಳಿದರು. ಮೇಡಂ ಆ ಕೈಯನ್ನೇ ನೋಡುತ್ತಿದ್ದರು.

ಇದರಿಂದ ಅನುಮಾನ ತೀರಿತು ಅಂದುಕೊಂಡರೆ ನಿಮಗೆ ನಮ್ಮ ಮನೆಯವರು ಗೊತ್ತಿಲ್ಲ. ಬಾವಿಯ ಮೇಲೆ ಏನೂ ಕಟ್ಟಕೂಡದು, ತುಂಬಿದ ಮಣ್ಣು ಇಳಿದರೆ ಮನೆಯ ಆ ಮೂಲೆಯೂ ಇಳಿಯುತ್ತದೆ, ಅಡುಗೆಮನೆ ಒಳಗೆ ಸರಿಯಬೇಕು ಎಂದು ಮೇಡಂ ಅಂದರು. ಸರಿದರೆ ಅದು ಅರ್ಧವಾಗುತ್ತಿತ್ತು. ಮೇಲೊಂದು ದಪ್ಪ ಕಾಂಕ್ರೀಟ್ ಹಾಸಿದರೆ ಮುಗಿಯಿತು, ಈ ಮೇಡಂ ಹೆದರಿಸುತ್ತಿದ್ದಾರೆ ಎಂದು ಮೇಸ್ತ್ರಿ ಅಂದ. ಯಜಮಾನ, ಮೇಡಂ ಇಬ್ಬರೂ ಸೇರಿ ನಮ್ಮನ್ನು ಸೈಟಿನಿಂದ ಎಬ್ಬಿಸಲು ನಾಟಕ ಆಡುತ್ತಿದ್ದಾರೆಂದು ಅಪ್ಪ ಹೊಸ ಕಥೆ ಕಟ್ಟಿದರು. ಚಪ್ಪಲಿಯ ದೃಶ್ಯ ಅಷ್ಟು ಚೆನ್ನಾಗಿ ಬಂದದ್ದೇ ಅವರಿಗೆ ಅನುಮಾನ. ನಾನೂ ಅದನ್ನು ಒಂದು ಕ್ಷಣ ನಂಬಿದ್ದೆ ಎಂದರೆ ನಮ್ಮ ರಕ್ತ ಎಂಥದ್ದು ನೋಡಿ.

ಅಕ್ಕ ಸುಣ್ಣದ ಗೆರೆಯ ಮೇಲೆ ಕೂತಿದ್ದಳು. "ಮೇಡಂ, ನಿಮ್ಮ ಮನೆ ಆಗಿದ್ರೆ ಏನ್ಮಾಡ್ತಿದ್ರಿ?" ಅಂದಳು.

"ನಂಗೆಲ್ಲದೆ ಕಣಮ್ಮಿ ಮನೆ? ಬಾಡಿಗೇಲಿವ್ನಿ."

ಅಪ್ಪ ಗಂಟಲು ಸರಿಮಾಡಿಕೊಂಡರು. ಸ್ವಂತ ಮನೆ ಇಲ್ಲದವಳು ನಮ್ಮ ಮನೆಗೆ ಡಿಸೈನು ಕೊಡುತ್ತಾಳಂತೆ ಎಂಬ ಮಾತು ಆ ಗಂಟಲಲ್ಲಿ ಇತ್ತು. ಅಕ್ಕ ಮಾತ್ರ ಮೇಡಂ ಮುಖ ನೋಡಿದಳು. ಸುಳ್ಳು ಹೇಳುವವರಾಗಿದ್ದರೆ ಅಲ್ಲೊಂದು ಚಂದದ ಸುಳ್ಳು ಹೇಳಬಹುದಿತ್ತಲ್ಲ. ಎದ್ದು ಸೀರೆ ಕೊಡವಿಕೊಂಡು, ತನ್ನ ಅಡುಗೆಮನೆಯ ಗೆರೆಯನ್ನು ತಾನೇ ಕಾಲಿನಿಂದ ಅಳಿಸಿದಳು. "ಒಳಕ್ಕೆ ತಗೊಳ್ಳಿ" ಅಂದಳು. ಅವಳ ದನಿಯನ್ನು ನಾನು ಚಿಕ್ಕಂದಿನಿಂದ ಅಣಕಿಸುತ್ತಾ ಬಂದವನು. ಆ ಎರಡು ಮಾತಿನ ದನಿ ಮಾತ್ರ ಇವತ್ತಿಗೂ ನನಗೆ ಬರುವುದಿಲ್ಲ...

ಮನೆ ಎದ್ದಿತು. ತಾರಸಿ ಹಾಕುವ ದಿನಕ್ಕೆ ನಮ್ಮ ಕಡೆ ಮೋಲ್ಡ್ ಅನ್ನುತ್ತಾರೆ. ಅವತ್ತು ಕೆಲಸದವರಿಗೆಲ್ಲ ಬಾಡೂಟ ಹಾಕುವುದು ಪದ್ಧತಿ. ಮೇಡಂ ಬಂದವರೇ ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ, ಅಡುಗೆಯ ಒಲೆಯನ್ನು ರಸ್ತೆಯ ಆಚೆಗೆ ಹೂಡಿಸಿದರು. "ಬಾಡಿನ ವಾಸ್ನೆ ಮೂಗಿಗೆ ಬಿದ್ರೆ ಕಾಂಕ್ರೀಟು ಸರ್ಯಾಗಿ ಕುತ್ಕಳ ಗಂಟ ಯಾರೂ ಕಾಯಲ್ಲ" ಅಂದರು. ಮೇಡಂ ಮಾತಿಗೆ ಮೇಸ್ತ್ರಿ ಮೊದಲ ಸಲ ನಕ್ಕ, ಯಾಕೆಂದರೆ ಅದು ನಿಜವಾಗಿತ್ತು. ಗೃಹಪ್ರವೇಶದ ದಿನ ಬಂದು ಪಂಕ್ತಿಯಲ್ಲಿ ಕೂತರು. ಎಲೆ ನೋಡಿಕೊಂಡು ಉಣ್ಣಲಿಲ್ಲ, ತಾರಸಿ ನೋಡಿಕೊಂಡು ಉಂಡರು. ಪಾಯಸ ಶರ್ಟಿನ ಮೇಲೆ ಬಿತ್ತು.

ಆಮೇಲೆ ಅವರು ನಮ್ಮ ಕಡೆ ಹೆಚ್ಚು ಬರಲಿಲ್ಲ. ಬಾವಿ ಹುಡುಕುವ ಮೇಡಂ ಎಂದು ಹೆಸರಾಗಿತ್ತು, ಲೇಔಟಿನವರು ಕರೆಯುತ್ತಿರಲಿಲ್ಲ. ಹೋದ ವರ್ಷ ಚಾಮರಾಜನಗರದಲ್ಲಿ ಸಿಮೆಂಟ್ ಅಂಗಡಿಯ ಸಾಹೇಬರೊಬ್ಬರು, ನಾನು ಮೇಡಂ ದನಿ ಮಾಡಿ ನಗಿಸುವಾಗ, ನಗದೆ ನಿಂತರು. "ಅವರು ಹೋದರಲ್ಲಪ್ಪ, ಗೊತ್ತಿಲ್ವಾ ನಿಂಗೆ?" ಅಂದರು. ಕಾಯಿಲೆಯಂತೆ. ಡಾಕ್ಟರು ಹೇಳಿದ್ದನ್ನೂ ನಂಬದೆ ಇನ್ನೊಬ್ಬರ ಹತ್ತಿರ ತೋರಿಸಿದ್ದರಂತೆ... ಇಬ್ಬರೂ ಒಂದನ್ನೇ ಹೇಳಿದ್ದರಂತೆ.

ಬೇಗೂರಿನಿಂದ ಬಸ್ಸು ಹೊರಟು ಗುಂಡ್ಲುಪೇಟೆ ಸೇರಿತು. ಅಕ್ಕ ನನ್ನನ್ನು ಕರೆಸಿದ್ದು ಸುಮ್ಮನೆ ಅಲ್ಲ. ಪಕ್ಕದ ಸೈಟಿನಲ್ಲಿ ಸುಣ್ಣದ ಗೆರೆ ಬಿದ್ದಿತ್ತು, ನಮ್ಮ ತಂತಿಬೇಲಿಯವರೆಗೂ, ಅರ್ಧ ಬಾವಿಯ ನಟ್ಟನಡುವೆ. ಕೊಂಡವನು ಪುಣಜನೂರು ಕಡೆಯವನು, ನನಗಿಂತ ಸ್ವಲ್ಪ ದೊಡ್ಡವನು. ಹೆಂಡತಿ ಪುಟ್ಟ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಗೆರೆಗಳ ನಡುವೆ ನಿಂತಿದ್ದಳು. ಯಜಮಾನರು ಅವನಿಗೆ ಏನೂ ಹೇಳಿರಲಿಲ್ಲ. ನಾನು ಹೇಳಿದೆ.

"ನಿಮ್ಮಕ್ಕನ ಅಡ್ಗೆಮನೆಗೆ ಬೆಳಕು ಬೇಕು ಅಂತ ನಮ್ಮ ಸೈಟಲ್ಲಿ ಬಾವಿ ತೋಡ್ತಾ ಇದ್ದೀಯಲ್ಲ" ಅಂದ.

ಪೈಪು ತೋರಿಸಿದೆ.

"ಪೈಪು ನೀವೂ ನೆಡ್ಬೋದು. ಯಾರೇಳಿದ್ದು ಬಾವಿ ಅದೆ ಅಂತ?"

"ನಮ್ಮ ಇಂಜಿನಿಯರ್ ಮೇಡಂ."

"ಕರ್ಕೊಂಡ್ಬಾ ಓಗು ಅವ್ರನ್ನ, ನಾನೇ ಕೇಳ್ತೀನಿ."

"ತೀರ್ಕೊಂಡ್ರು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಒಳ್ಳೇದಾಯ್ತು ಬುಡು ನಿಂಗೆ" ಅಂದ.

ಅಷ್ಟರಲ್ಲಿ ಅಕ್ಕ ಒಳಗಿನಿಂದ ಹಾರೆ ಹಿಡಿದುಕೊಂಡು ಬಂದಳು. ಬೇಲಿಯ ಮೇಲಿಂದ ಅದನ್ನು ಅವನಿಗೆ ಕೊಟ್ಟಳು.

"ಇವನನ್ನ ನಂಬ್ಬೇಡಿ ಅಣ್ಣ, ನನ್ನನ್ನೂ ನಂಬ್ಬೇಡಿ" ಅಂದಳು. "ಅಲ್ಲಿ ಅಗೆದು ನೋಡಿ. ಗಟ್ಟಿ ನೆಲ ಸಿಕ್ರೆ ಕಟ್ಕಳಿ."

ಅವನು ಹಾರೆ ತೆಗೆದುಕೊಂಡ. ಹೆಂಡತಿ ಮಗುವನ್ನು ಎತ್ತಿಕೊಂಡು ಗೆರೆಯಿಂದ ಆಚೆ ಹೋದಳು. ಅವನು ಮೊದಲ ಏಟು ಹಾಕಿದ. ಮೇಡಂ ಇದ್ದಿದ್ದರೆ ಅವನ ಕೈಯಿಂದ ಹಾರೆ ಇಸಿದುಕೊಂಡು, ಮೊನೆ ಸರಿಯಾಗಿದೆಯೋ ಇಲ್ಲವೋ ನೋಡಿಯೇ ವಾಪಸ್ಸು ಕೊಡುತ್ತಿದ್ದರು.