ಮೂರನೆಯ ಮಹಡಿಯ ಗೇಟು

ಶಿಡ್ಲಘಟ್ಟದಲ್ಲಿ ನಾನು ಬಾಡಿಗೆಗಿರುವ ಕಟ್ಟಡಕ್ಕೆ ಮೂರು ಮಹಡಿ. ನೆಲಮಟ್ಟದಲ್ಲಿ ರೇಷ್ಮೆ ನೂಲಿನ ಗೋದಾಮು ಮತ್ತು ಮಾಲೀಕರ ಆಫೀಸು. ಮೊದಲನೆಯ ಮಹಡಿಯಲ್ಲಿ ಹಿಂದೆ ನೂಲಿಗೆ ಹುರಿ ಹಾಕುವ ಯಂತ್ರಗಳಿದ್ದವು; ಈಗ ನೆಲದಲ್ಲಿ ಅವುಗಳ ಬೋಲ್ಟಿನ ತೂತುಗಳು ಮಾತ್ರ ಉಳಿದಿವೆ. ಎರಡನೆಯದರಲ್ಲಿ ಶಾಲೆಯ ಟೀಚರಾದ ನಾನಿದ್ದೇನೆ. ಮೂರನೆಯದರಲ್ಲಿ ಮಾಲೀಕರ ಸಂಸಾರ ಮತ್ತು ಅವರ ತಾಯಿ. ಆ ತಾಯಿಯನ್ನು ಬೀದಿಯವರೆಲ್ಲ ದಾದಿಮಾ, ಅಂದರೆ ಅಜ್ಜಿ, ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಇಷ್ಟು ಚಿಕ್ಕ ಕಟ್ಟಡಕ್ಕೆ ಲಿಫ್ಟು ಯಾಕೆ ಎಂದು ಬಂದವರು ಕೇಳುವುದುಂಟು. ನೂಲಿನ ಮೂಟೆಗಳನ್ನು ಯಂತ್ರದ ಮಹಡಿಗೆ ಏರಿಸಲೆಂದು ದಾದಿಮಾ ಅವರ ಗಂಡ ಹಾಕಿಸಿದ್ದು. ಹೀಗೆ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳಿಗೆಂದೇ ಒಂದು ಕಂಪನಿ ಈ ಜಾತಿಯ ಲಿಫ್ಟು ಮಾಡುತ್ತಿತ್ತಂತೆ. ಒಳಗೆ ತೇಗದ ಹಲಗೆ, ಕೂರಲು ಮಡಚುವ ಪುಟ್ಟ ಪೀಠ, ಮಂಜು ಕವಿದಂಥ ಕನ್ನಡಿ, ಹಳದಿ ದೀಪ. ಪ್ರತಿ ಮಹಡಿಯಲ್ಲೂ ಕೈಯಿಂದ ಎಳೆಯುವ ಕಬ್ಬಿಣದ ಮಡಚು ಗೇಟು. ಲಿಫ್ಟು ಬಂದು ನಿಂತಾಗ ಮಾತ್ರ ಆ ಗೇಟು ತೆರೆಯುವಂತೆ ಒಳಗೊಂದು ಬೀಗ. ಆ ಮಾದರಿಯನ್ನು ಕಂಪನಿ ನಿಲ್ಲಿಸಿ ಎಷ್ಟೋ ವರ್ಷವಾಗಿದೆ. ನೆಲಮಟ್ಟದ ಬೀಗ ಹಾಳಾದಾಗ ಹೊಸದು ಸಿಗದೆ ಮೊದಲನೆಯ ಮಹಡಿಯದನ್ನು ಕಿತ್ತು ತಂದು ಅಲ್ಲಿ ಕೂರಿಸಿದರು. ಮೊದಲನೆಯ ಮಹಡಿಯ ಗೇಟನ್ನು ವೆಲ್ಡಿಂಗ್ ಮಾಡಿ ಮುಚ್ಚಿದರು.

ಮೆಟ್ಟಿಲುಗಳು ಲಿಫ್ಟಿನ ಬಾವಿಯನ್ನೇ ಸುತ್ತಿಕೊಂಡು ಏರುತ್ತವೆ. ನಡುವೆ ತಂತಿಯ ಜಾಲರಿಯೊಂದೇ ಅಡ್ಡ. ತಾರಸಿಯ ಗಾಜಿನಿಂದ ಮಧ್ಯಾಹ್ನದ ಬೆಳಕು ಬಾವಿಯೊಳಗೆ ಇಳಿಯುತ್ತದೆ, ಜಾಲರಿಯ ನೆರಳು ಮೆಟ್ಟಿಲ ಮೇಲೆ ಬೀಳುತ್ತದೆ. ಲಿಫ್ಟು ಚಲಿಸಿದಾಗ ಆ ನೆರಳೂ ಕದಲುತ್ತದೆ. ಎಷ್ಟೋ ಸಲ ನಾನು ಅಲ್ಲಿ ನಿಂತು, ಇಳಿಯುತ್ತಿರುವುದು ಲಿಫ್ಟೋ ನನ್ನ ಕಾಲಡಿಯ ಕಲ್ಲೋ ತಿಳಿಯದೆ ಕಂಬಿ ಹಿಡಿದುಕೊಂಡಿದ್ದೇನೆ.

ದಾದಿಮಾಗೆ ಮಂಡಿ ನೋವು. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ. ಆದರೂ ದಿನವೂ ನಾಲ್ಕು ಗಂಟೆಗೆ ಲಿಫ್ಟಿನಲ್ಲಿ ಇಳಿದು ಆಫೀಸಿನ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲರುಗಳು ತಮ್ಮ ಲಚ್ಚಿಯನ್ನು, ಅಂದರೆ ಸುತ್ತಿದ ನೂಲಿನ ಕಟ್ಟನ್ನು, ಅವರ ಕೈಗೆ ಕೊಡುತ್ತಿದ್ದರು. ಅವರು ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ ತೀರ್ಪು ಹೇಳುತ್ತಿದ್ದರು.

"ಒಂದೆಳೆಗೆ ಗೂಡು ಜಾಸ್ತಿ ಸೇರ್ಸಿದ್ದೀಯಲ್ಲೋ ಕಳ್ಳ. ಇದು ನೂಲಾ, ಸೇದೋ ಹಗ್ಗಾನಾ?"

"ಮಿಷಿನ್ನಲ್ಲಿ ನೋಡಿದ್ರೆ ಸರಿಯಾಗೇ ಇದೆ ದಾದಿಮಾ."

"ಹಂಗಾದ್ರೆ ಮಿಷಿನ್ನನ್ನೇ ಮದ್ವೆ ಆಗು, ಹೋಗು."

ಈ ಒಂದು ಗಂಟೆಗಾಗಿ ಅವರು ಬೆಳಿಗ್ಗೆಯಿಂದಲೇ ತಯಾರಾಗುತ್ತಿದ್ದರು. ಅದನ್ನು ನಾನು ಬಲ್ಲೆ. ಅವರ ಮಗನೂ ಬಲ್ಲರು. ಆದರೂ ಲಿಫ್ಟು ಇನ್ನೊಮ್ಮೆ ತೊಂದರೆ ಕೊಟ್ಟರೆ ಎಲ್ಲ ಗೇಟುಗಳಿಗೂ ತಗಡು ಹೊಡೆಸುತ್ತೇನೆ ಎಂದು ಮಗ ಎರಡು ಸಲ ಹೇಳಿದ್ದರು.

ಆ ದಿನ ನಡೆದದ್ದನ್ನು ಕಂಡಷ್ಟೇ ಬರೆಯುತ್ತೇನೆ. ಅವರ ಮನೆಯಿಂದ ಬಂದಿದ್ದ ಪಾತ್ರೆಯೊಂದನ್ನು ವಾಪಸು ಕೊಡಲು ಮೇಲೆ ಹೋಗುತ್ತಿದ್ದೆ. ಎರಡು ಮತ್ತು ಮೂರನೆಯ ಮಹಡಿಗಳ ನಡುವಿನ ತಿರುವಿನಲ್ಲಿದ್ದೆ. ಮೇಲೆ ದಾದಿಮಾ ಗೇಟಿನ ಮುಂದೆ ನಿಂತು ಗುಂಡಿ ಒತ್ತಿದರು. ಕೆಳಗೆ ಲಿಫ್ಟು ನರಳುತ್ತ ಹೊರಟಿತು. ಅವರಿಗೆ ಲಿಫ್ಟು ಬರುವುದು ಕಿವಿಯಿಂದಲೇ ತಿಳಿಯಬೇಕು: ಮೊದಲು ಆ ಉದ್ದನೆಯ ನರಳಿಕೆ, ಅದು ನಿಂತ ಮೇಲೆ ಟಕ್ ಎಂಬ ಒಂದು ಸದ್ದು. ಟಕ್ ಅಂದರೆ ಬಂದಿದೆ ಎಂದರ್ಥ.

ಆಗಲೇ ಕರೆಂಟು ಹೋಯಿತು. ಲಿಫ್ಟು ನೆಲಮಟ್ಟ ಬಿಟ್ಟು ಸ್ವಲ್ಪ ಮೇಲಕ್ಕೆ ಬಂದು ನಿಂತುಬಿಟ್ಟಿತು. ನರಳಿಕೆ ನಿಂತಿತು. ಆ ವಾರವಷ್ಟೇ ಗೋದಾಮಿನ ಗೋಡೆಗೆ ಹೊಸ ಇನ್ವರ್ಟರ್ ಕೂರಿಸಿದ್ದರು. ಕರೆಂಟು ಹೋದೊಡನೆ ಅದು ಟಕ್ ಎಂದಿತು.

ದಾದಿಮಾ ಗೇಟು ಎಳೆದರು. ಬೀಗ ಅದನ್ನು ತಡೆಯಬೇಕಿತ್ತು. ಗೇಟು ತೆರೆಯಿತು.

ನಾನು ಕೂಗಬೇಕೆಂದುಕೊಂಡೆ. ಕೂಗಿದೆನೋ ಇಲ್ಲವೋ ಇಂದಿಗೂ ಖಚಿತವಾಗಿ ಹೇಳಲಾರೆ. ಅವರು ಮುಂದೆ ಕಾಲಿಡಲಿಲ್ಲ. ನೂಲಿನ ಮೂಟೆ ಸಾಗಿಸುತ್ತಿದ್ದ ಕಾಲದಿಂದಲೂ ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಲಿಫ್ಟಿಗೆ ಮೊದಲು ಹೊರೆ ಹೋಗಬೇಕು, ಆಮೇಲೆ ಮನುಷ್ಯ. ಅವರು ಬಾಗಿ ತಮ್ಮ ವಯರ್ ಬುಟ್ಟಿಯನ್ನು ಒಳಗಿಟ್ಟರು. ಅಲ್ಲಿ ನೆಲ ಇರಲಿಲ್ಲ.

ಬುಟ್ಟಿ ನನ್ನ ಮುಖದ ಮುಂದೆಯೇ, ಜಾಲರಿಯ ಆಚೆ, ಇಳಿದು ಹೋಯಿತು. ಅದು ಬಿತ್ತು ಎನ್ನಲು ಮನಸ್ಸೊಪ್ಪುವುದಿಲ್ಲ. ನೀರಿನೊಳಗೆ ಇಳಿದಂತೆ ಕಂಡಿತು. ಹಸಿರು ವಯರು, ಅದರೊಳಗಿನ ನೀರಿನ ಬಾಟಲಿಯಲ್ಲಿ ಹೊಳೆದ ಬೆಳಕು, ಬುಟ್ಟಿಯಿಂದ ಬಿಡಿಸಿಕೊಂಡು ಹಿಂದೆಯೇ ಬಂದ ಎರಡು ವೀಳ್ಯದೆಲೆ. ಎಲೆಗಳು ನಿಧಾನವಾಗಿ, ತಿರುಗುತ್ತ ತಿರುಗುತ್ತ ಇಳಿದವು. ಅವು ನನ್ನ ಕಣ್ಣಿಂದ ಮರೆಯಾಗುವ ಮೊದಲೇ ಕೆಳಗೆ ಲಿಫ್ಟಿನ ತಲೆಯ ಮೇಲೆ ಬುಟ್ಟಿ ಬಡಿದ ಸದ್ದು ಬಂತು.

ದಾದಿಮಾ ಗೇಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಯಾರಲ್ಲಿ?"

"ನಾನು, ದಾದಿಮಾ. ಹಿಂದಕ್ಕೆ ಬನ್ನಿ."

"ಟೀಚರಮ್ಮನಾ? ನೋಡಿದ್ಯಾ?"

"ನೋಡ್ದೆ."

ನಾನು ಹತ್ತಿ ಹೋಗಿ ಅವರನ್ನು ಗೋಡೆಯ ಕಡೆ ತಂದೆ. ಗೇಟು ಮುಚ್ಚಿ, ಅವರ ಮನೆಯ ಬಟ್ಟೆ ಒಣಗಿಸುವ ಹಗ್ಗದಿಂದ ಮೂರು ಗಂಟು ಹಾಕಿದೆ.

"ಬೇಗ ಬಂದ್ಬಿಡ್ತಲ್ಲಾ ಇವತ್ತು ಅಂದ್ಕೊಂಡೆ" ಎಂದರು. ಆಮೇಲೆ ನನ್ನ ತೋಳು ಹಿಡಿದರು: "ನನ್ ಮಗನಿಗೆ ಹೇಳ್ಬೇಡ ಬೇಟಿ. ಮುಚ್ಚಿಬಿಡ್ತಾನೆ. ಮುಚ್ಚಿದ್ರೆ ನನ್ನ ಕೆಳಗೆ ಇಳಿಸೋದು ಒಂದೇ ಸಲ, ನಾಲ್ಕು ಜನ ಹೊತ್ಕೊಂಡು."

ಸಂಜೆ ಮಗ ಗೂಡಿನ ಮಾರುಕಟ್ಟೆಯಿಂದ ಬಂದದ್ದು ಕೇಳಿಸಿತು. ನಾನು ಹೇಳಲಿಲ್ಲ. ಹಗ್ಗದ ಗಂಟನ್ನು ಇನ್ನೆರಡು ಸಲ ಹೋಗಿ ಎಳೆದು ನೋಡಿ ಬಂದೆ. ಬೆಳಿಗ್ಗೆ ಕೆಳಗಿಳಿದು ಆಫೀಸಿಗೆ ಹೋಗಿ ಮಗನಿಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ: ಸದ್ದು, ಗೇಟು, ಬುಟ್ಟಿ. ಅವರು ಕೂತಲ್ಲಿಂದ ಏಳಲಿಲ್ಲ. "ಕಾಲಿಟ್ಟಿರ್ಲಿಲ್ಲ ತಾನೆ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ ಇಲ್ಲ ಎಂದೆ.

ಮೆಕ್ಯಾನಿಕ್ ಗೌರಿಬಿದನೂರಿನವರು. ಮಂಚೇನಹಳ್ಳಿ, ಚಿಕ್ಕಬಳ್ಳಾಪುರ ಎಂದು ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಬಂದರು. ಈ ಸುತ್ತಿನಲ್ಲಿ ಆ ಜಾತಿಯ ಲಿಫ್ಟು ಬಿಚ್ಚಿ ಜೋಡಿಸಬಲ್ಲವರು ಅವರೊಬ್ಬರೇ. ಮೂರನೆಯ ಮಹಡಿಯ ಬೀಗ ತೆಗೆದು ಅಂಗೈಯಲ್ಲಿಟ್ಟು ನನಗೂ ಮಗನಿಗೂ ತೋರಿಸಿದರು. ಗೇಟನ್ನು ಹಿಡಿಯಬೇಕಿದ್ದ ನಾಲಿಗೆಯಂಥ ಕಬ್ಬಿಣದ ತುಂಡು ಸವೆದು ಬೆಳ್ಳಗಾಗಿತ್ತು.

"ಹೊಸದು ತರ್ಸಿ" ಎಂದರು ಮಗ.

"ಎಲ್ಲಿಂದ ತರ್ಸ್ಲಿ ಸಾಹೇಬ್ರೇ? ಆ ಮಾಡೆಲ್ಲೇ ನಿಲ್ಸಿಬಿಟ್ರು. ಕಂಪ್ನಿಗೆ ಫೋನ್ ಮಾಡಿದ್ರೆ ಅಲ್ಲಿರೋ ಹುಡುಗ್ರಿಗೆ ಹೆಸರೇ ಗೊತ್ತಿಲ್ಲ, ಫೋಟೋ ಕಳ್ಸಿ ಅಂತಾರೆ. ಕಳ್ಸಿದ್ರೆ, ಅಬ್ಬಾ ಸೂಪರ್ ಅಂಕಲ್, ಯಾವ ಮ್ಯೂಸಿಯಮ್ಮು ಅಂತ ಕೇಳ್ತಾರೆ."

"ಹಂಗಾದ್ರೆ ಹೊಸ ಲಿಫ್ಟೇ ಹಾಕ್ಸಿದ್ರೆ?"

"ಬಾವಿ ಚಿಕ್ಕದು. ಮೆಟ್ಲೆಲ್ಲ ಒಡೀಬೇಕು. ಒಡೆದ್ರೆ ನಿಮ್ಮ ಗೋಡೆ ನಿಲ್ಲುತ್ತೋ ಇಲ್ವೋ, ಆ ದೇವುಡಿಗೇ ತಿಳೀಬೇಕು."

ಮಗ ತಗಡಿನವನಿಗೆ ಫೋನು ಮಾಡಲು ಕೈ ಜೇಬಿಗೆ ಹಾಕಿದರು. ಅವರ ಹಿಂದೆ, ಮನೆಯ ಬಾಗಿಲಲ್ಲಿ, ದಾದಿಮಾ ಗೋಡೆ ಹಿಡಿದು ನಿಂತಿದ್ದರು. ನನ್ನ ಕಡೆ ಮುಖ ಮಾಡಿ, "ಹೇಳೇಬಿಟ್ಟೆಯಲ್ಲ" ಎಂದರು. ಬೈಗುಳವಿರಲಿಲ್ಲ. ಅಷ್ಟು ಹೇಳಿ ಒಳಗೆ ಹೋದರು.

ನಾನು ಇಳಿದು ನನ್ನ ಮಹಡಿಗೆ ಬಂದೆ. ಹಿಂದೆಯೇ ಮೆಕ್ಯಾನಿಕ್ ಬಂದು ನನ್ನ ಗೇಟಿನ ಬೀಗಕ್ಕೆ ಟಾರ್ಚು ಹಿಡಿದರು.

"ಇದು ಹೊಸದಿದ್ದಂಗೇ ಇದೆ. ನೀವು ಲಿಫ್ಟೇ ಹತ್ತಲ್ವೇನಮ್ಮಾ?"

"ಗ್ಯಾಸು ಸಿಲಿಂಡರು, ಅಕ್ಕಿ ಮೂಟೆ ಬಂದಾಗ ಮಾತ್ರ."

ಅವರು ಟಾರ್ಚು ಆರಿಸಿ, ಮೇಲಿನಿಂದ ಬಿಚ್ಚಿದ ಸವೆದ ಬೀಗವನ್ನು ನನ್ನ ಬೀಗದ ಪಕ್ಕ ಹಿಡಿದು ಅಳತೆ ನೋಡಿದರು. ಮಗನೂ ಇಳಿದು ಬಂದು ಅರ್ಧ ಮೆಟ್ಟಿಲಲ್ಲಿ ನಿಂತರು. ಬೀಗ ಕೊಡುತ್ತೇನೆ ಎನ್ನಲು ನಾನು ತಡಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ನನಗೂ ವಯಸ್ಸಾಗುತ್ತಿದೆ. ಮುಂದೆ ನನ್ನ ಮಂಡಿಯೂ ಕೈಕೊಡುವ ದಿನ ಬರುತ್ತದೆ, ಆಗ ಈ ಗೇಟು ಬೇಕಾಗುತ್ತದೆ ಎಂದು ಎಷ್ಟೋ ದಿನದಿಂದ ಮನಸ್ಸಿನಲ್ಲೇ ನಂಬಿಕೊಂಡಿದ್ದೆ. ಮೇಲಿನ ಮನೆಯಿಂದ ಯಾವ ಸದ್ದೂ ಬರುತ್ತಿರಲಿಲ್ಲ.

"ಬಿಚ್ಕೊಳ್ಳಿ" ಎಂದೆ. ಮಗನ ಕಡೆ ತಿರುಗಿದೆ. "ಆದ್ರೆ ಭಾಯ್, ದಾದಿಮಾ ಇನ್ಮೇಲೆ ಒಬ್ಬರೇ ಗೇಟು ಮುಟ್ಟಬಾರ್ದು. ಯಾರಾದ್ರೂ ಜೊತೆಗೆ ಇರ್ಬೇಕು."

"ನಾನೇ ಇರ್ತೀನಿ ಟೀಚರಮ್ಮ. ನಾಲ್ಕು ಗಂಟೆಗೆ ನಾನೇ ಮೇಲೆ ಬರ್ತೀನಿ."

ಎರಡು ದಿನ ಕೆಲಸ ನಡೆಯಿತು. ನನ್ನ ಬೀಗ ಮೇಲಕ್ಕೆ ಹೋಯಿತು. ನನ್ನ ಗೇಟಿಗೆ ನಾಲ್ಕು ಕಡೆ ವೆಲ್ಡಿಂಗ್ ಬಿತ್ತು. ಈ ಬೀಗವೂ ಸವೆದ ದಿನ ಇನ್ನೆಲ್ಲಿಂದಲೂ ತರುವಂತಿಲ್ಲ, ಆಗ ತಗಡೇ ಗತಿ ಎಂದು ಹೇಳಿ ಮೆಕ್ಯಾನಿಕ್ ಬಸ್ಸಿಗೆ ಹೊರಟರು. ಆ ಎರಡು ದಿನವೂ ದಾದಿಮಾ ನನ್ನೊಡನೆ ಮಾತಾಡಲಿಲ್ಲ. ಮೇಲೆ ಹೋದರೆ ಮಲಗಿದ್ದಾರೆ ಎಂದು ಸೊಸೆ ಹೇಳುತ್ತಿದ್ದರು.

ಮೂರನೆಯ ದಿನ ನಾಲ್ಕು ಗಂಟೆಗೆ ಮೇಲೆ ಗೇಟು ಎಳೆದ ಸದ್ದಾಯಿತು, ಮುಚ್ಚಿದ ಸದ್ದಾಯಿತು. ನಾನು ಹೋಗಿ ನನ್ನ ತೆರೆಯದ ಗೇಟಿನ ಮುಂದೆ ನಿಂತೆ. ಕಂಬಿಗಳ ಆಚೆ ಮೊದಲು ಲಿಫ್ಟಿನ ಅಡಿ ಕಂಡಿತು. ಅದರ ಮೇಲೆ ಹಳದಿ ಬೆಳಕು, ಬೆಳಕಿನೊಳಗೆ ಎರಡು ಜೊತೆ ಚಪ್ಪಲಿ, ಮಡಚು ಪೀಠದ ಮೇಲೆ ಬಿಳಿಯ ದುಪಟ್ಟಾ, ತಾಯಿಯ ತೋಳು ಹಿಡಿದ ಮಗನ ಕೈ. ಕೊನೆಗೆ ದಾದಿಮಾ ಅವರ ಮುಖ. ಅದು ನನ್ನ ಮುಖದ ಎದುರಿಗೇ ಬಂದು, ಒಂದು ಗೇಣಿನ ದೂರದಲ್ಲಿ, ನಿಲ್ಲದೆ ಕೆಳಗಿಳಿಯಿತು. ಅವರಿಗೆ ನಾನು ಕಂಡಿರಲಾರೆ.

"ದಾದಿಮಾ" ಎಂದೆ.

ಉತ್ತರ ಬರುವಷ್ಟರಲ್ಲಿ ಅವರು ಮೊದಲನೆಯ ಮಹಡಿ ದಾಟಿದ್ದರು. ದನಿ ಬಾವಿಯ ತಳದಿಂದ ಎದ್ದು ಬಂತು.

"ನಿಂತ್ಕೊಂಡು ಏನ್ ನೋಡ್ತೀಯಾ? ನಿನಗೆ ಕಾಲಿದೆಯಲ್ಲ, ನಡ್ಕೊಂಡು ಬಾ! ಬೆಂಚಲ್ಲಿ ಜಾಗ ಹಿಡ್ದಿರ್ತೀನಿ."

ನಾನು ಬಾಗಿಲಿಗೆ ಚಿಲಕ ಹಾಕಿ ಮೆಟ್ಟಿಲಿಳಿಯತೊಡಗಿದೆ.