ಒಂಟೆಯಪ್ಪನ ಸ್ವಂತ ದನಿ

ಬೀದಿಯವರೆಲ್ಲ ಅವನನ್ನು ಒಂಟೆಯಪ್ಪ ಎಂದೇ ಕರೆಯುತ್ತಿದ್ದರು. ದೊಡ್ಡವರಿಗಾಗಿ ಮಾಡುವ ಒಂದು ಕಾರ್ಟೂನಿನಲ್ಲಿ ಲಾಡ್ಜ್ ನಡೆಸುವ ಒಂಟೆಗೆ ಹನ್ನೊಂದು ವರ್ಷದಿಂದ ದನಿ ಕೊಡುತ್ತಿದ್ದವನು ಅವನು. ಆ ಒಂಟೆ ಕುಡುಕ, ಸುಳ್ಳುಗಾರ, ಹೆಂಡತಿ ಬಿಟ್ಟುಹೋದವನು. ಹತ್ತಿರ ಬಂದವರ ಮನಸ್ಸನ್ನೆಲ್ಲ ಮುರಿದು, ಕೊನೆಗೆ ಖಾಲಿ ಕೋಣೆಯಲ್ಲಿ ಕೂತು, ಕೆಳದುಟಿ ಜೋತುಬಿಟ್ಟು, ಮೂಗಿನಲ್ಲಿ "ತಪ್ಪಾಯ್ತು ಕಣೇ" ಎನ್ನುತ್ತದೆ. ನೋಡುವವರು ಮೊದಲು ನಗುತ್ತಾರೆ, ಆಮೇಲೆ ಕಣ್ಣೊರೆಸಿಕೊಳ್ಳುತ್ತಾರೆ.

"ಅದು ಒಂಟೆ ಅಲ್ಲಮ್ಮ, ಒಂಟಿ. ಪಾಪ!" ಎಂದಳು ಒಮ್ಮೆ ತರಕಾರಿಯವಳು, ಅವನ ಮಗಳಿಗೆ.

"ಅದರ ಮ... ಮನೇಲಿ ಬೆಳೆದೋರನ್ನ ಕೇಳಿ, ಯಾರು ಪಾಪ ಅಂತ" ಎಂದು ಮಗಳು ಚೀಲ ಕಿತ್ತುಕೊಂಡು ಬಂದಳು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ದಿನವಿಡೀ ಯಂತ್ರದ ಸದ್ದು, ಯಾರೊಡನೆಯೂ ಮಾತಾಡಬೇಕಿಲ್ಲ. ಆ ಕೆಲಸ ಹಿಡಿದದ್ದೇ ಅದಕ್ಕೆ. ಚಿಕ್ಕಂದಿನಿಂದ ಅವಳು ಉಗ್ಗುತ್ತಾಳೆ. ಮನೆಗೆ ನಾಲ್ಕು ಜನ ಬಂದರೆ ಸಾಕು, ಅಪ್ಪ ಗ್ಲಾಸು ಹಿಡಿದು ಎದ್ದುನಿಂತು ಮಗಳ ಉಗ್ಗನ್ನು ಅನುಕರಿಸುತ್ತಿದ್ದ. ಕಣ್ಣು ಮುಚ್ಚಿ ಕೇಳಿದರೆ ಅವಳೇ. ಬಂದವರು ಬಿದ್ದುಬಿದ್ದು ನಗುತ್ತಿದ್ದರು. ಅವಳೇನಾದರೂ ಅತ್ತರೆ ಗದರುತ್ತಿದ್ದ. ಒಂಬತ್ತನೇ ವಯಸ್ಸಿನಲ್ಲಿ ಅವಳು ಇಡೀ ಒಂದು ವರ್ಷ ಬಾಯಿ ಬಿಡಲಿಲ್ಲ. ದೇವರು ಕೊಟ್ಟ ಗಂಟಲನ್ನು ಹೆತ್ತ ಮಗುವಿನ ಮೇಲೆಯೇ ತಿರುಗಿಸಿದನಲ್ಲ ಎಂದು ನೆನೆದರೆ, ಅವಳ ಬಾಯಿಂದಲೇ ಇದನ್ನೆಲ್ಲ ಕೇಳಿದ ಎದುರು ಮನೆಯ ನನಗೆ ಇವತ್ತಿಗೂ ಸಿಟ್ಟು ಇಳಿಯುವುದಿಲ್ಲ.

ಅವಳಿಗೆ ಹೆಣ್ಣುಮಗು ಹುಟ್ಟಿ ಎಂಟು ತಿಂಗಳಾಗಿತ್ತು. ಮೊಮ್ಮಗಳ ಮುಖ ನೋಡಲೇಬೇಕೆಂದು ಅವನು ಹಟ ಹಿಡಿದ. ಮಗಳು ಫೋನಿನಲ್ಲಿ ಒಂದೇ ಷರತ್ತು ಹಾಕಿದಳು: "ತಪ್ಪಾಯ್ತು ಅನ್ನಿ. ನಿ... ನಿಮ್ಮ ದನೀಲಿ. ಒಂಟೆ ದನೀಲಿ ಬೇಡ." ಹಿಂದೆ "ನೀನು" ಎನ್ನುತ್ತಿದ್ದವಳು ಈಗ "ನೀವು" ಎನ್ನುತ್ತಿದ್ದಳು. ಅದರಲ್ಲಿ ಮರ್ಯಾದೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ಒಂದು ಗುಟುಕೂ ಕುಡಿಯದೆ ಬಂದ. ಮೂರನೇ ಮಹಡಿಯ ಬಾಗಿಲಿಗೆ ಮಗಳು ಅಡ್ಡ ನಿಂತಳು. ಒಳಗೆ ಮಗು ಚಮಚದಿಂದ ನೆಲ ಕುಟ್ಟುತ್ತಿತ್ತು. ಎದುರು ಮನೆಯ ನನ್ನ ಬಾಗಿಲು ತೆರೆದೇ ಇತ್ತು. ಮುಚ್ಚಲೂ ಸಂಕೋಚವಾಗಿ ಹಾಗೇ ನಿಂತೆ.

"ಹೇಳಿ."

ಅವನು ಬಾಯಿ ತೆರೆದ. ಕೆಳದುಟಿ ತಾನಾಗಿ ಜೋತುಬಿತ್ತು. "ತಪ್ಪಾಯ್ತು ಕಣೇ" ಎಂದಿತು ಒಂಟೆ.

"ಇ... ಇನ್ನೊಂದ್ಸಲ."

ಕೆಮ್ಮಿದ, ಗಂಟಲು ಸರಿಮಾಡಿಕೊಂಡ. ಮತ್ತೂ ಒಂಟೆಯೇ. ರೆಕಾರ್ಡಿಂಗ್ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎಷ್ಟು ಸಲ ಹೇಳಿದ್ದನೋ ಆ ಮಾತನ್ನು. ತನ್ನ ದನಿಯಲ್ಲಿ ಮಾತ್ರ ಹುಟ್ಟಿದಾಗಿನಿಂದ ಒಮ್ಮೆಯೂ ಹೇಳಿರಲಿಲ್ಲ.

"ನಾಟಕ ಅಲ್ಲ ಕಣಮ್ಮ. ಬರ್ತಾ ಇಲ್ಲ!"

"ನನ್ನ ದನಿ ಮಾತ್ರ ಚೆ... ಚೆನ್ನಾಗಿ ಬರ್ತಿತ್ತಲ್ಲ?"

ಅಷ್ಟರಲ್ಲಿ ಮೇಲಿನ ಮನೆಯ ಬಸ್ ಡ್ರೈವರ್ ಮೆಟ್ಟಿಲು ಹತ್ತಿ ಬಂದವನು ಹಲ್ಲು ಕಿರಿದ. "ಅರೆ, ಒಂಟೆಯಪ್ಪ! ಅದೇ ಡೈಲಾಗ್ ಇನ್ನೊಂದ್ಸಲ ಹೊಡೀರಿ ಸಾರ್, ನಮ್ಮನೆಯವಳಿಗೆ ಕೇಳಿಸ್ತೀನಿ" ಎಂದು ಫೋನು ತೆಗೆದ.

"ಮುಚ್ಚೋ ಬಾಯಿ! ಹಲ್ಲು ಉದುರಿಸಿಬಿಡ್ತೀನಿ!"

ಮೂಗಿನ ರಾಗವೆಲ್ಲ ಹೋಗಿ, ಗೋಡೆ ಅದುರುವಂಥ ಗಡಸು ದನಿ ಹೊರಬಿದ್ದಿತ್ತು. ಡ್ರೈವರ್ ಫೋನು ಜೇಬಿಗೆ ತುರುಕಿಕೊಂಡು ಮೇಲಕ್ಕೆ ಓಡಿದ. ಒಳಗೆ ಮಗು ಕಿಟಾರನೆ ಕಿರುಚಿ ಅಳತೊಡಗಿತು.

ಮಗಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. "ಇ... ಇದು ನಿಮ್ಮ ದನಿ. ಇದು ನಂಗೆ ಗೊತ್ತು."

ಅವನು ತಲೆ ತಗ್ಗಿಸಿದ. ಅವಳು ಇನ್ನೂ ಏನೋ ಹೇಳಹೊರಟು "ಮ... ಮ..." ಎಂದು ಸಿಕ್ಕಿಹಾಕಿಕೊಂಡಳು. ಹಿಂದಾಗಿದ್ದರೆ ಅವಳ ಬಾಯಿಂದ ಮಾತು ಕಿತ್ತು ತಾನೇ ಮುಗಿಸುತ್ತಿದ್ದ. ಇವತ್ತು ತುಟಿ ಬಿಗಿಹಿಡಿದು ಕಾದ. ಮಗೂನ ನೋಡಿ ಎನ್ನುತ್ತಾಳೆಂದು ಅವನ ಕಣ್ಣು ಆಗಲೇ ಅವಳ ತೋಳಿನಡಿಯಿಂದ ಒಳಗೆ ಹುಡುಕುತ್ತಿತ್ತು.

"ಮ... ಮನೆಗೆ ಹೋಗಿ."